ದೂರದ ಬೆಟ್ಟ, ಮಗಳ ಸೈಕಲ್ಲು



ಕಳೆದ ಸಂಚಿಕೆಯ ಉಪ್ಪಿನಕಾಯಿ ವಿಚಾರಕ್ಕೆ ನೀವು ಬರೆದ ಕಾಗದಗಳೆಲ್ಲ ತಲುಪಿವೆ. ಎಣ್ಣೆ ಮೇಲೆ ನಿಲ್ಲದಿದ್ದರೆ ಏನು ಮಾಡಬೇಕು ಅನ್ನೋದಕ್ಕೆ ಒಟ್ಟಿಗೇ ಉತ್ತರ ಕೊಡುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಈ ಸಲ ಆ ಕಟ್ಟಿನಲ್ಲಿದ್ದ ಒಂದು ಕಾಗದವನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಅದರಲ್ಲಿ ಉಪ್ಪಿನಕಾಯಿಯ ಮಾತೇ ಇಲ್ಲ!

ತುಮಕೂರಿನ ಕಡೆಯ ಒಬ್ಬ ತಾಯಿ ಬರೆದಿದ್ದಾರೆ. ಮಗಳಿಗೆ ಇಪ್ಪತ್ತೆರಡು ವರ್ಷ, ಕೆಲಸಕ್ಕೆ ಸೇರಿ ಎಂಟು ತಿಂಗಳು. ಕೂಡಿಟ್ಟ ಸಂಬಳದಲ್ಲಿ ಒಂದು ಜೊತೆ ಓಲೆಯಾದರೂ ತರುತ್ತಾಳೆ ಅಂದುಕೊಂಡರೆ ಗೇರ್ ಸೈಕಲ್ಲು ತಂದು ಜಗಲಿಗೆ ಒರಗಿಸಿದಳಂತೆ. ಊರಿನ ಸೈಕಲ್ ಕ್ಲಬ್ಬಿಗೂ ಸೇರಿದ್ದಾಳೆ. ಮೊದಲು ದೇವರಾಯನದುರ್ಗ, ಆಮೇಲೆ ನಂದಿ ಬೆಟ್ಟ ಅಂತ ಹಟ. ಯಜಮಾನರು, "ಬಿದ್ದು ಮುಖ ಮೂತಿ ಕೆತ್ತಿಸಿಕೊಂಡು ಬಂದರೆ ನಾಳೆ ಯಾರು ಮಾಡಿಕೊಳ್ತಾರೆ? ಮೊದಲು ಅದನ್ನು ಮಾರು" ಅಂತಾರಂತೆ. ತಂದೆ ಮಗಳಿಗೆ ಹದಿನೈದು ದಿನದಿಂದ ಮಾತಿಲ್ಲ. ಕೊನೆಯಲ್ಲಿ ಆ ತಾಯಿ ಕೇಳಿದ್ದಾರೆ: "ಸ್ನೇಹಿತೆಯ ಮನೆಗೆ ಹೋಗಿದ್ದಾಳೆ ಅಂತ ಯಜಮಾನರಿಗೆ ಹೇಳಿ ಗುಟ್ಟಾಗಿ ಕಳಿಸಿಬಿಡಲೇ? ನಿಮ್ಮ ಊರು ನಂದಿ ಬೆಟ್ಟದ ಬುಡದಲ್ಲೇ ಇದೆ, ನಿಮಗೆ ತಿಳಿದಿರುತ್ತದೆ, ಹೇಳಿ."

ಹೌದಮ್ಮ, ನಮ್ಮದು ಚಿಕ್ಕಬಳ್ಳಾಪುರ. ಭಾನುವಾರ ಬೆಳಗಾದರೆ ತಲೆಗೆ ಬುಟ್ಟಿಯಂಥ ಹೆಲ್ಮೆಟ್ಟು, ಬೆನ್ನಿಗೆ ಮೂರು ಜೇಬಿನ ಬಣ್ಣದ ಅಂಗಿ ಹಾಕಿಕೊಂಡು ಸಾಲುಸಾಲಾಗಿ ಹೋಗುವವರನ್ನು ನಾವು ನೋಡುತ್ತಲೇ ಇರುತ್ತೇವೆ. ಅವರಲ್ಲಿ ನನ್ನ ತಂಗಿಯ ಮಗಳೂ ಒಬ್ಬಳು. ಅವಳನ್ನು ಕೇಳಿ, ಅವಳ ಜೊತೆಯ ಹಿರಿಯರನ್ನು ಕೇಳಿ, ಕಣ್ಣಾರೆ ನೋಡಿ ತಿಳಿದುಕೊಂಡಿದ್ದನ್ನು ಬರೆಯುತ್ತೇನೆ. ಗುಟ್ಟಿನ ವಿಚಾರಕ್ಕೆ ಕೊನೆಯಲ್ಲಿ ಬರೋಣ. ಮೊದಲು ಬೆಟ್ಟ ಅಂದರೆ ಎಷ್ಟು ಬೆಟ್ಟ ಅಂತ ತಿಳಿಯಬೇಕು. ದಾರಿ ತಿಳಿಯದೆ ಹೂಂ ಅನ್ನುವುದೂ ತಪ್ಪು, ಊಹೂಂ ಅನ್ನುವುದೂ ತಪ್ಪು.

ಬೆಟ್ಟ ಎಂದರೆ ಎಷ್ಟು ಬೆಟ್ಟ?

ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್, ಹಳೆಯ ಲೆಕ್ಕದಲ್ಲಿ 4,851 ಅಡಿ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಬೆಂಗಳೂರಿನ ಕ್ಲಬ್ಬಿನವರು ಕತ್ತಲಿರುವಾಗಲೇ ಹೊರಟು, ದೇವನಹಳ್ಳಿ ದಾಟಿ, ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಬುಡಕ್ಕೆ ಬರುತ್ತಾರೆ. ಹೋಗಿ ಬರಲು 120 ಕಿಲೋಮೀಟರ್ ಆಯಿತು. ಆದರೆ ಪರೀಕ್ಷೆ ಇರುವುದು ಮಧ್ಯದ ಏಳೂವರೆ ಎಂಟು ಕಿಲೋಮೀಟರಿನಲ್ಲಿ. ಅಷ್ಟು ದಾರಿಯಲ್ಲಿ 400 ಮೀಟರಿಗೂ ಮೇಲ್ಪಟ್ಟು ಎತ್ತರಕ್ಕೆ ಏರಬೇಕು.

ಅವರ ಭಾಷೆಯಲ್ಲಿ ಅದಕ್ಕೆ ಐದಾರು ಪರ್ಸೆಂಟ್ ಏರು ಅನ್ನುತ್ತಾರೆ. ಅಂದರೆ ನೂರು ಅಡಿ ಮುಂದೆ ಹೋದರೆ ಐದಾರು ಅಡಿ ಮೇಲೆ ಹೋದ ಹಾಗೆ. "ಇಷ್ಟೇನಾ?" ಅನ್ನಬೇಡಿ. ಸ್ಕೂಟರ್ ಹತ್ತಿಸಲು ಮನೆ ಮುಂದೆ ಹಾಕಿಸುತ್ತೇವಲ್ಲ ಇಳಿಜಾರು, ಅದು ಇದಕ್ಕಿಂತ ಕಡಿದೇ. ಆದರೆ ಅದು ನಾಲ್ಕಡಿಗೆ ಮುಗಿಯುತ್ತದೆ, ಇದು ಎಂಟು ಕಿಲೋಮೀಟರ್ ಮುಗಿಯುವುದಿಲ್ಲ. ಅದೂ ಎಲ್ಲ ಕಡೆ ಒಂದೇ ಸಮ ಇಲ್ಲ. ಕೆಳಗಡೆ ಮಾತಾಡಿಕೊಂಡು ಹೋಗುವವರು ಮೇಲೆ ಹೋದಂತೆ ಸುಮ್ಮನಾಗುತ್ತಾರೆ. ತಿರುವಿನ ಮೇಲೆ ತಿರುವು. ತಿರುವಿನ ಒಳಮಗ್ಗುಲು ಹೊರಮಗ್ಗುಲಿಗಿಂತ ಕಡಿದು. ನುರಿತವರು ಅರ್ಧ ಗಂಟೆಯೊಳಗೆ ಹತ್ತಿಬಿಡುತ್ತಾರೆ. ಹೊಸಬರಿಗೆ ಗಂಟೆ, ಗಂಟೆಕಾಲು ಹಿಡಿದರೂ ಅದರಲ್ಲಿ ನಾಚಿಕೆಯಿಲ್ಲ. ನಡುವೆ ಇಳಿದು ತಳ್ಳಿಕೊಂಡು ಹೋದರೂ ನಾಚಿಕೆಯಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ಬೆಟ್ಟದ ಬುಡದಲ್ಲೇ ಭೋಗನಂದೀಶ್ವರನ ಗುಡಿಯ ನಂದಿ ಗ್ರಾಮ, ಪಕ್ಕದಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ. ದ್ರಾಕ್ಷಿ ತೋಟ, ಹೂವಿನ ತೋಟಗಳ ನಡುವೆ ಸಣ್ಣ ಏರಿಳಿತದ ರಸ್ತೆಗಳು. ನನ್ನ ತಂಗಿಯ ಮಗಳು ಮೂರು ತಿಂಗಳು ಬರೀ ಇಲ್ಲೇ ಸುತ್ತಿದಳು. ಮೇಲೆ ಹತ್ತುವ ರಸ್ತೆಗೆ ಚಕ್ರವನ್ನೇ ಇಟ್ಟಿರಲಿಲ್ಲ. ಮೊದಲು 20 ಕಿಲೋಮೀಟರ್, ಆಮೇಲೆ 40, ಆಮೇಲೆ 60. ಹಾಗೆ ಬಂದವರಿಗೆ ಬೆಟ್ಟ ದಾರಿ ಕೊಡುತ್ತದೆ.

ಈ ಕಾಗದದ ತಾಯಿಗೆ ಹೇಳುವುದಾದರೆ, ನಿಮ್ಮ ಮಗಳು ಆರಿಸಿಕೊಂಡ ವರಸೆ ಸರಿಯಾಗಿದೆ. ದೇವರಾಯನದುರ್ಗ ಸುಮಾರು 3,900 ಅಡಿ ಎತ್ತರ, ನಿಮ್ಮೂರಿಗೆ ಹತ್ತಿರ. ನಾಮದ ಚಿಲುಮೆಯವರೆಗೆ ಒಂದು ದಿನ ಹೋಗಿ ಬರಲಿ. ಇನ್ನೊಂದು ದಿನ ಭೋಗನರಸಿಂಹನ ಗುಡಿಯವರೆಗೆ. ಮೂರನೆಯ ಸಲ ಮೇಲಿನ ಯೋಗನರಸಿಂಹನ ಕಡೆಗೆ ನೋಡಿದರಾಯಿತು. ಅದು ಕಾಡು. ಚಿರತೆ, ಕರಡಿ ಇರುವ ಜಾಗ. ಆದ್ದರಿಂದ ಸೂರ್ಯ ಚೆನ್ನಾಗಿ ಮೇಲೆ ಬಂದ ಮೇಲೇ ಆ ರಸ್ತೆಗೆ ಇಳಿಯಬೇಕು, ಒಬ್ಬಳೇ ಹೋಗಬಾರದು. ಇದರಲ್ಲಿ ರಾಜಿ ಬೇಡ.

ಬೇರೆ ಊರುಗಳ ಸೋದರಿಯರೂ ಕೇಳಬಹುದು, ನಮ್ಮ ಕಡೆ ಏನಿದೆ ಅಂತ. ಮೈಸೂರಿನವರಿಗೆ ಚಾಮುಂಡಿ ಬೆಟ್ಟವಿದೆ. ಊರಿಗಿಂತ ಸುಮಾರು 300 ಮೀಟರ್ ಎತ್ತರ. ನಾವು ಮೆಟ್ಟಿಲು ಹತ್ತಿ ದೊಡ್ಡ ಬಸವಣ್ಣನಿಗೆ ಕೈ ಮುಗಿದರೆ, ಅವರು ರಸ್ತೆಯಲ್ಲಿ ಸುತ್ತಿಕೊಂಡು ಬರುತ್ತಾರೆ. ಮಲೆನಾಡಿನವರಿಗೆ ಆಗುಂಬೆ. ಕೆಳಗೆ ಸೋಮೇಶ್ವರದಿಂದ ಮೇಲಿನವರೆಗೆ ಬಳಸುವ 14 ಹೆಗ್ಗಡಿದಾದ ತಿರುವುಗಳು. ಒಂದೊಂದು ತಿರುವೂ ಕೂದಲಿಗೆ ಸಿಕ್ಕಿಸುವ ಪಿನ್ನಿನ ಹಾಗೆ. ಮಳೆಗಾಲದಲ್ಲಿ ಅಲ್ಲಿ ಪಾಚಿ, ಮಂಜು, ಎದುರಿಗೆ ಬಸ್ಸು. ಆ ನಾಲ್ಕು ತಿಂಗಳು ಹೊಸಬರು ಅತ್ತ ಹೋಗದಿರುವುದೇ ಲೇಸು. ಇನ್ನು ಮೈಸೂರಿನಿಂದ ಬಂಡೀಪುರ ದಾಟಿ ಮಸಿನಗುಡಿಗೆ ಹೋದರೆ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿ. 36 ತಿರುವು. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಅನ್ನುವ ಸೈಕಲ್ ಯಾತ್ರೆಯವರು ಹತ್ತುವ ಹೆಸರಾಂತ ಏರು ಅದು. ಎಂಥೆಂಥ ಗಟ್ಟಿಗರೂ ಅಲ್ಲಿ ಇಳಿದು ತಳ್ಳುತ್ತಾರಂತೆ. ಅದು ಎರಡು ಮೂರು ವರ್ಷ ಪಳಗಿದ ಮೇಲಿನ ಮಾತು.

ನಿಮ್ಮೂರಿನ ಹತ್ತಿರವೂ ಒಂದು ಗುಡ್ಡ, ಒಂದು ಘಾಟಿ, ಒಂದು ದೇವಸ್ಥಾನದ ಏರು ಇದ್ದೇ ಇರುತ್ತದೆ. ಮಕ್ಕಳು ಅದರಿಂದಲೇ ಶುರು ಮಾಡಲಿ.

ಸೈಕಲ್ಲೇ ಸರಿಯಿಲ್ಲದಿದ್ದರೆ?

ನನ್ನ ತಂಗಿಯ ಮಗಳಿಗೆ ಮೊದಲು ಸಿಕ್ಕಿದ್ದು ಅವಳ ಅಳತೆಗೆ ದೊಡ್ಡದಾದ ಸೈಕಲ್ಲು. ಅಂಗಡಿಯವರು "ಇದೇ ಇರೋದು, ಅಭ್ಯಾಸ ಆಗುತ್ತೆ" ಅಂದರಂತೆ. ಎರಡು ತಿಂಗಳು ಕುತ್ತಿಗೆ, ಸೊಂಟ ನೋವು. ಒಂದು ಸೈಜು ಚಿಕ್ಕದು ತೆಗೆದುಕೊಂಡ ಮೇಲೆ ನೋವು ಹೋಯಿತು. ರವಿಕೆಗೆ ಅಳತೆ ನೋಡದೆ ಬಟ್ಟೆ ಕೊಡುತ್ತೇವೆಯೇ? ಹಾಗೇ ಇದೂ. ನಡುಕಂಬಿಯ ಮೇಲೆ ಎರಡೂ ಕಾಲು ಊರಿ ನಿಂತಾಗ ಕಂಬಿಗೂ ದೇಹಕ್ಕೂ ನಡುವೆ ಎರಡು ಮೂರು ಬೆರಳಾದರೂ ಸಂದು ಇರಬೇಕು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟರೆ, ಪೆಡಲು ತೀರ ಕೆಳಗಿರುವಾಗ ಮಂಡಿ ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಬಾಗಿರುತ್ತದೆ. ಅದೇ ಸರಿಯಾದ ಎತ್ತರ.

ಹೆಣ್ಣುಮಕ್ಕಳಿಗೆ ಕೂರುವ ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು. ಅದಕ್ಕೆ ತಕ್ಕಂತೆ ಅಗಲವಾದ ಸೀಟು ಸಿಗುತ್ತದೆ, ಕೇಳಿ ಹಾಕಿಸಿಕೊಳ್ಳಲಿ. ಒಳಗೆ ಮೆತ್ತೆ ಹೊಲಿದ ಚಡ್ಡಿ ಬರುತ್ತದೆ. ಅದನ್ನು ಮೈಗೆ ತಾಗಿಸಿಯೇ ಹಾಕಬೇಕು, ಒಳಗೆ ಬೇರೆ ಬಟ್ಟೆ ಹಾಕಿದರೆ ಹೊಲಿಗೆ ಉಜ್ಜಿ ಹುಣ್ಣಾಗುತ್ತದೆ. ಬೇಕಾದರೆ ಮೇಲೆ ಸಡಿಲ ಪೈಜಾಮ ಹಾಕಿಕೊಳ್ಳಲಿ, ಆದರೆ ಬಲಗಾಲಿನ ಅಂಚು ಚೈನಿಗೆ ಸಿಕ್ಕದಂತೆ ಕಟ್ಟಬೇಕು. ದುಪಟ್ಟಾ ಬೇಡವೇ ಬೇಡ. ಚಕ್ರಕ್ಕೆ ಸಿಕ್ಕರೆ ಕತ್ತಿಗೇ ಕುತ್ತು.

ಗೇರಿನ ವಿಚಾರ ನನಗೂ ಮೊದಲು ತಲೆಗೆ ಹತ್ತಲಿಲ್ಲ. ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಳ್ಳಿ. ದೊಡ್ಡ ಕೊಡದಲ್ಲಿ ಒಂದೇ ಸಲ ಸೇದಿದರೆ ರಟ್ಟೆ ಸೋಲುತ್ತದೆ. ಸಣ್ಣ ಚೊಂಬಿನಲ್ಲಿ ನಾಲ್ಕು ಸಲ ಸೇದಿದರೆ ಹೊತ್ತು ಹೆಚ್ಚಾದರೂ ರಟ್ಟೆ ಉಳಿಯುತ್ತದೆ. ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ದೊಡ್ಡ ಹಲ್ಲುಚಕ್ರ ಇದ್ದರೆ ಅದು ಸಣ್ಣ ಚೊಂಬು. ಬೆಟ್ಟಕ್ಕೆ ಮುಂದೆ 34 ಹಲ್ಲು, ಹಿಂದೆ 32 ಅಥವಾ 34 ಇದ್ದರೆ ಹೊಸಬರ ಮಂಡಿಗೆ ಒಳ್ಳೆಯದು. ಏರು ಕಾಲಿಗೆ ಕಚ್ಚುವ ಮೊದಲೇ ಗೇರು ಇಳಿಸಿಕೊಳ್ಳಬೇಕು. ಕಚ್ಚಿದ ಮೇಲೆ ಒದ್ದಾಡಿದರೆ ಚೈನು ಜಾರುತ್ತದೆ, ಸೈಕಲ್ಲು ನಿಲ್ಲುತ್ತದೆ, ಹುಡುಗಿ ಪಕ್ಕಕ್ಕೆ ವಾಲುತ್ತಾಳೆ.

ಹತ್ತುವುದಲ್ಲ, ಇಳಿಯುವುದು ಕಷ್ಟ

ಸೋದರಿಯರೇ, ಇದನ್ನು ಮಾತ್ರ ಎರಡು ಸಲ ಓದಿ. ಹತ್ತುವಾಗ ಬರೀ ಸುಸ್ತು. ಅಪಾಯ ಇರುವುದು ಇಳಿಯುವಾಗ. ಹತ್ತುವಾಗ ಗಂಟೆಗೆ ಏಳೆಂಟು ಕಿಲೋಮೀಟರ್ ಹೋದ ಸೈಕಲ್ಲು ಇಳಿಯುವಾಗ ತುಳಿಯದೆಯೇ 40, 50ಕ್ಕೆ ಹೋಗುತ್ತದೆ. ಮೇಲೆ ಮುಟ್ಟಿದೆವಲ್ಲ ಅನ್ನುವ ಖುಷಿಯಲ್ಲಿ ಮೈಮರೆತರೆ ಮುಗಿಯಿತು.

ಬ್ರೇಕನ್ನು ಉದ್ದಕ್ಕೂ ಹಿಡಿದೇ ಇರಬಾರದು. ಚಕ್ರದ ಅಂಚಿಗೆ ಒತ್ತುವ ರಬ್ಬರ್ ಬ್ರೇಕಾದರೆ, ಬಹಳ ಹೊತ್ತು ಒತ್ತಿ ಹಿಡಿದರೆ ಅಂಚು ಬಾಣಲೆಯಂತೆ ಕಾಯುತ್ತದೆ, ಒಳಗಿನ ಟ್ಯೂಬು ಸಿಡಿಯಬಹುದು. ಎರಡೂ ಬ್ರೇಕನ್ನು ಒತ್ತಿ ಬಿಡು, ಒತ್ತಿ ಬಿಡು ಅಂತ ಬಳಸಬೇಕು. ವೇಗವನ್ನು ತಿರುವಿಗೆ ಮೊದಲೇ, ಸೈಕಲ್ಲು ನೆಟ್ಟಗಿರುವಾಗಲೇ ತಗ್ಗಿಸಬೇಕು. ತಿರುವಿನ ಮಧ್ಯದಲ್ಲಿ ಗಾಬರಿಯಾಗಿ ಒತ್ತಿದರೆ ಚಕ್ರ ಜಾರುತ್ತದೆ. ಮಳೆಯಲ್ಲಿ ಬ್ರೇಕು ತಡವಾಗಿ ಹಿಡಿಯುತ್ತದೆ, ಒದ್ದೆ ಎಲೆ ಸೋಪಿನಂತೆ ಜಾರುತ್ತದೆ. ತಿರುವಿನಾಚೆ ಕಾರು ಇರಬಹುದು, ಕೋತಿ ಇರಬಹುದು, ಫೋಟೋ ತೆಗೆಸಿಕೊಳ್ಳಲು ರಸ್ತೆ ಮಧ್ಯೆ ನಿಂತ ಜನ ಇರಬಹುದು. ಎಡಗಡೆಯ ತನ್ನ ಪಾಲಿನ ರಸ್ತೆ ಬಿಟ್ಟು ಆಚೆ ಹೋಗಲೇಬಾರದು.

ಇನ್ನೊಂದು ಮಾತು. ಹತ್ತುವಾಗ ಬೆವರಿನಲ್ಲಿ ತೊಯ್ದ ಮೈ, ಇಳಿಯುವಾಗ ಗಾಳಿಗೆ ಸಿಕ್ಕಿ ನಡುಗುತ್ತದೆ. ಬೆರಳು ಮರಗಟ್ಟಿದರೆ ಬ್ರೇಕು ಹಿಡಿಯುವುದು ಹೇಗೆ? ತೆಳ್ಳನೆಯ ಗಾಳಿ ತಡೆಯುವ ಕೋಟು ಮಡಿಚಿ ಜೇಬಿನಲ್ಲಿಟ್ಟು ಕಳಿಸಿ. ಅದಿಲ್ಲವೇ, ಹಳೆಯ ವೃತ್ತಪತ್ರಿಕೆಯ ಎರಡು ಹಾಳೆ ಅಂಗಿಯೊಳಗೆ ಎದೆಗೆ ಇಟ್ಟುಕೊಳ್ಳಲಿ. ದೊಡ್ಡ ದೊಡ್ಡ ಪಂದ್ಯದ ಸವಾರರೂ ಹಾಗೇ ಮಾಡುತ್ತಿದ್ದರಂತೆ.

ರಸ್ತೆಯ ಸ್ಥಿತಿಯನ್ನೂ ಕೇಳಿ ತಿಳಿದುಕೊಂಡೇ ಹೊರಡಬೇಕು. 2021ರ ಆಗಸ್ಟಿನ ಮಳೆಗೆ ನಂದಿ ಬೆಟ್ಟದ ಗುಡ್ಡ ಕುಸಿದು ರಸ್ತೆಯೇ ಕೊಚ್ಚಿಹೋಗಿತ್ತು. ತಿಂಗಳುಗಟ್ಟಲೆ ಬೆಟ್ಟ ಮುಚ್ಚಿತ್ತು. ಅದೇ ವರ್ಷ ಚಾಮುಂಡಿ ಬೆಟ್ಟದ ನಂದಿ ರಸ್ತೆಯೂ ಕುಸಿಯಿತು. ಬೆಟ್ಟದ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತಾರೆ, ರಜಾದಿನ ಬಿಡುತ್ತಾರೋ ಇಲ್ಲವೋ ಅನ್ನುವ ನಿಯಮಗಳೂ ಆಗಾಗ ಬದಲಾಗುತ್ತವೆ.

ಕ್ಲಬ್ಬು ಎಂಥದ್ದು ಅಂತ ತಿಳಿಯುವುದು ಹೇಗೆ?

ಹೆಸರು, ಬಣ್ಣದ ಅಂಗಿ ನೋಡಿ ತಿಳಿಯುವುದಿಲ್ಲ. ಎರಡು ಪ್ರಶ್ನೆ ಕೇಳಿ. ಎಲ್ಲರಿಗಿಂತ ಹಿಂದೆ ಇರುವವರ ಜೊತೆ ಯಾರು ಇರುತ್ತಾರೆ? ಟ್ಯೂಬು ಪಂಕ್ಚರ್ ಆದರೆ ಏನು ಮಾಡುತ್ತೀರಿ? ಒಳ್ಳೆಯ ಕ್ಲಬ್ಬಿನಲ್ಲಿ ಮುಂದೆ ದಾರಿ ತಿಳಿದವರೊಬ್ಬರು, ಕಟ್ಟಕಡೆಗೆ ಪಳಗಿದವರೊಬ್ಬರು ಇರುತ್ತಾರೆ. ಕಡೆಯವರನ್ನು ಬಿಟ್ಟು ಯಾರೂ ಊರು ಸೇರುವುದಿಲ್ಲ. ಇಂತಿಂಥ ಕಡೆ ನಿಂತು ಎಲ್ಲರೂ ಕೂಡಿಕೊಳ್ಳುವುದು ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ಹೆಲ್ಮೆಟ್ಟಿಲ್ಲದವರನ್ನು ಸೇರಿಸುವುದಿಲ್ಲ. ಕತ್ತಲಲ್ಲಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇಲ್ಲದೆ ಹೊರಡುವುದಿಲ್ಲ. ಹೆದ್ದಾರಿ ಬಂದರೆ ಪಕ್ಕದ ಸರ್ವಿಸ್ ರಸ್ತೆ ಹಿಡಿಯುತ್ತಾರೆ. "ಯಾರು ಮೊದಲು ಅಂತ ನೋಡೋಣ" ಅಂತ ಹೊಸ ಹುಡುಗಿಯನ್ನು ಹುರಿದುಂಬಿಸುವ ಕ್ಲಬ್ಬಾದರೆ ಬೇಡ ಅನ್ನಿ.

ಪಂಕ್ಚರ್ ಹಾಕುವುದನ್ನು ಮಗಳು ಕಲಿಯಲಿ. ಅಂಗಳದಲ್ಲಿ ಕೂತು ಎರಡು ಸಲ ಬಿಚ್ಚಿ ಹಾಕಿದರೆ ಬಂದುಬಿಡುತ್ತದೆ. ಕುಕ್ಕರಿನ ಗ್ಯಾಸ್ಕೆಟ್ಟು ಹಾಕುವ ಕೈಗೆ ಇದೇನು ಕಷ್ಟವಲ್ಲ.

ಡಬ್ಬಿಗೆ ಏನು ಹಾಕಲಿ?

ಇದು ನಮ್ಮ ಇಲಾಖೆ! ನಮ್ಮ ಬೀದಿಯ ವಿಜ್ಞಾನದ ಮೇಷ್ಟ್ರು ಲೆಕ್ಕ ಮಾಡಿ ತೋರಿಸಿದರು. ಹುಡುಗಿ, ಸೈಕಲ್ಲು, ನೀರು ಎಲ್ಲ ಸೇರಿ 68 ಕಿಲೋ ಅಂದರೆ, ನಂದಿಯ ಎತ್ತರಕ್ಕೆ ಅಷ್ಟು ಭಾರ ಏರಿಸುವುದಕ್ಕೇ ದೇಹಕ್ಕೆ ಸುಮಾರು 300 ಕ್ಯಾಲೊರಿ ಬೇಕು. ಸುಮಾರು ಮೂರು ಚಪಾತಿ ಅನ್ನಿ. ಬೆಟ್ಟದ ಬುಡಕ್ಕೆ ಬಂದಿದ್ದು, ಮನೆಗೆ ಹಿಂದಿರುಗುವುದು ಬೇರೆ. ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿದು ಹೊರಟರೆ ನಡುದಾರಿಯಲ್ಲಿ ಕಣ್ಣು ಕತ್ತಲೆ ಬರುತ್ತದೆ.

ಹಿಂದಿನ ರಾತ್ರಿ ಅನ್ನವೋ ಮುದ್ದೆಯೋ ಚೆನ್ನಾಗಿ ಉಣ್ಣಲಿ, ಖಾರ ಮಸಾಲೆ ಕಡಿಮೆ. ಹೊರಡುವ ಮುಂಚೆ ಎರಡು ಇಡ್ಲಿಯೋ ಅವಲಕ್ಕಿಯೋ. ಒಂದು ಗಂಟೆ ಮೀರಿದ ಮೇಲೆ ಪ್ರತಿ ಗಂಟೆಗೂ ಒಂದು ಬಾಳೆಹಣ್ಣು, ಒಂದು ಉಂಡೆ. ಹಸಿವಾಗುವವರೆಗೆ ಕಾಯಬಾರದು.

ನೀರು ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರು, ಗುಟುಕು ಗುಟುಕಾಗಿ. ತುಂಬ ಬೆವರಿದಾಗ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೂ ತೊಂದರೆಯೇ. ಮೈಯಲ್ಲಿನ ಉಪ್ಪಿನಂಶ ಇಳಿದು ತಲೆಸುತ್ತು, ವಾಂತಿ ಬರಬಹುದು. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು, ಟೀ ಚಮಚದ ಅಳತೆ. ಮೇಲೆ ಅರ್ಧ ನಿಂಬೆಹಣ್ಣು. ಮಕ್ಕಳಿಗೆ ಭೇದಿಯಾದಾಗ ಮಾಡಿಕೊಡುತ್ತೇವಲ್ಲ, ಅದೇ. ಒಂದು ಸೀಸೆ ಇದು, ಒಂದು ಸೀಸೆ ಬರೀ ನೀರು.

ಇನ್ನೊಂದು ಮುಖ್ಯ ವಿಷಯ. ಎಷ್ಟು ಅಭ್ಯಾಸ ಮಾಡಿದರೂ ಸಣ್ಣ ಏರಿಗೇ ಏದುಸಿರು ಬಂದರೆ, ಎದೆ ಹೊಡೆದುಕೊಂಡರೆ, "ನಿನ್ನ ಕೈಲಿ ಆಗಲ್ಲ ಬಿಡು" ಅನ್ನಬೇಡಿ. ರಕ್ತ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಬಸುರಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ 12 ಇರಬೇಕು. 9, 10 ಇಟ್ಟುಕೊಂಡು ಬೆಟ್ಟ ಹತ್ತು ಅಂದರೆ ಸೀಮೆಎಣ್ಣೆ ಇಲ್ಲದ ಸ್ಟೌ ಉರಿಸಿದ ಹಾಗೆ. ನನ್ನ ತಂಗಿಯ ಮಗಳಿಗೂ ಹೀಗೇ ಪತ್ತೆಯಾಗಿದ್ದು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ, ನುಗ್ಗೆಸೊಪ್ಪು, ಊಟದ ಜೊತೆ ನಿಂಬೆರಸ, ಊಟದ ಹೊತ್ತಿಗೆ ಕಾಫಿ ಟೀ ಬಂದ್. ನಾಲ್ಕು ತಿಂಗಳಲ್ಲಿ ಬೇರೆಯೇ ಹುಡುಗಿಯಾದಳು. ಬೆಟ್ಟದ ನೆಪದಲ್ಲಿ ಸಿಕ್ಕ ಲಾಭ ಇದು.

ಸೈಕಲ್ ಹೊಡೆದರೆ ಗರ್ಭಕೋಶ ಜಾರುತ್ತದೆ, ಮುಂದೆ ಹೆರಿಗೆ ಕಷ್ಟ ಅಂತ ಹಿರಿಯರು ಅನ್ನುವುದುಂಟು. ಅದು ನಿಜವಲ್ಲ. ತಿಂಗಳ ದಿನಗಳಲ್ಲಿ ಮೈಗೆ ಆಗುವುದಾದರೆ ಹೋಗಲಿ, ಆಗದಿದ್ದರೆ ಮಲಗಲಿ. ಅವಳ ಮೈ ಅವಳಿಗೇ ಗೊತ್ತು.

ಈಗ ಅಪ್ಪಂದಿರ ಮಾತು

ಹೆಣ್ಣು ಸೈಕಲ್ಲು ಏರಿದ್ದಕ್ಕೆ ಮುಖ ಸಿಂಡರಿಸಿದವರು ಎಲ್ಲ ದೇಶದಲ್ಲೂ ಇದ್ದರು. 1924ರಲ್ಲಿ ಇಟಲಿ ದೇಶವನ್ನೇ ಸುತ್ತುವ ಗಂಡಸರ ದೊಡ್ಡ ಪಂದ್ಯದಲ್ಲಿ ಅಲ್ಫೊನ್ಸಿನಾ ಸ್ಟ್ರಾಡಾ ಅನ್ನುವ ಹೆಂಗಸು ಓಡಿದಳು. ಹೊರಟವರು 90 ಮಂದಿ, ಪಟ್ಟಿಯಲ್ಲಿ ಉಳಿದು ಮುಗಿಸಿದವರು 30. ನಡುವೆ ಬಿದ್ದು ಹ್ಯಾಂಡಲ್ಲು ಮುರಿದಾಗ ಪೊರಕೆ ಹಿಡಿ ಕಟ್ಟಿಕೊಂಡು ಮುಂದೆ ಹೋದಳು ಅನ್ನುತ್ತಾರೆ. ಹೊತ್ತು ಮೀರಿ ಬಂದಳು ಅಂತ ಪಟ್ಟಿಯಿಂದ ತೆಗೆದರು, ಆದರೂ ಅವಳು ಬಿಡಲಿಲ್ಲ, ಕೊನೆಯ ಊರಿನವರೆಗೂ ಹೋದಳು. ನಮ್ಮ ಪಕ್ಕದ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತಾ ಚಳವಳಿಯ ಜೊತೆಗೆ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ನಮ್ಮಲ್ಲೇ 2006–07ರಲ್ಲಿ ಸರ್ಕಾರದ ಸೈಕಲ್ಲು ಶುರುವಾದಾಗ ಎಷ್ಟು ಹೆಣ್ಣುಮಕ್ಕಳು ಸಾಲಾಗಿ ಹೈಸ್ಕೂಲಿಗೆ ಹೋದರು, ನಾವೇ ನೋಡಿದ್ದೇವಲ್ಲ. ಸ್ಕೂಲಿಗಾದರೆ ಸರಿ, ಬೆಟ್ಟಕ್ಕಾದರೆ ತಪ್ಪು ಅನ್ನುವುದು ಯಾವ ನ್ಯಾಯ?

ಆದರೂ ನಿಮ್ಮ ಯಜಮಾನರನ್ನು ನಾನು ದೂರುವುದಿಲ್ಲ. ಮದುವೆಯ ಮಾತು ಮುಂದೆ ಬಂದರೂ ಅದರ ಹಿಂದೆ ಇರುವುದು ಭಯ. ಭಯಕ್ಕೆ ವಾದ ಮದ್ದಲ್ಲ, ಕಣ್ಣಾರೆ ನೋಡುವುದೇ ಮದ್ದು. ಕ್ಲಬ್ಬಿನ ಹಿರಿಯರೊಬ್ಬರನ್ನು ಮನೆಗೆ ಕಾಫಿಗೆ ಕರೆಯಿರಿ. ಮೊದಲ ಸಲ ಅವಳು ನಾಮದ ಚಿಲುಮೆಗೆ ಹೋಗುವಾಗ, "ನಾವೂ ಸ್ಕೂಟರಿನಲ್ಲಿ ಹೋಗಿ ನರಸಿಂಹನ ದರ್ಶನ ಮಾಡಿ ಬರೋಣ" ಅನ್ನಿ. ಹಿಂದೆ ಹಿಂದೆ ಹೋಗಿ ಕಾವಲು ಕಾಯಬೇಡಿ, ಅಲ್ಲಿ ಮುಂಚೆಯೇ ಹೋಗಿ ಕೂತಿರಿ. ಬೆವರು ಒರೆಸಿಕೊಂಡು ನಗುತ್ತಾ ಬರುವ ಮಗಳನ್ನು ನೋಡಿದ ಅಪ್ಪ ಅದೇ ಮಾತು ಆಡುವುದು ಕಷ್ಟ.

ಮಗಳ ಕಡೆಯಿಂದಲೂ ಕಟ್ಟುಪಾಡು ಇರಲಿ. ಯಾವ ದಾರಿ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಚೀಟಿ ಬರೆದಿಟ್ಟು ಹೋಗಬೇಕು. ಬೆಟ್ಟದ ಬುಡದಲ್ಲಿ ಒಂದು ಫೋನು, ತುದಿಯಲ್ಲಿ ಒಂದು, ಇಳಿದ ಮೇಲೆ ಒಂದು. ಜೇಬಿನಲ್ಲಿ ಹೆಸರು, ಮನೆಯ ನಂಬರು, ರಕ್ತದ ಗುಂಪು ಬರೆದ ಕಾಗದ. ಆಂಬುಲೆನ್ಸಿಗೆ 108, ತುರ್ತು ಸಹಾಯಕ್ಕೆ 112, ಇವೆರಡು ಮನೆಯವರಿಗೂ ಬಾಯಿಪಾಠ ಇರಲಿ.

ಈಗ ನಿಮ್ಮ ಪ್ರಶ್ನೆಗೆ ಬಂದೆ. ಗುಟ್ಟಾಗಿ ಕಳಿಸಬೇಡಿ ತಾಯಿ. ಗಂಡನಿಗೆ ಸುಳ್ಳು ಹೇಳಬಾರದು ಅನ್ನುವ ನೀತಿಪಾಠ ಓದುತ್ತಿಲ್ಲ. ಬೆಟ್ಟದಲ್ಲಿ ಅವಳನ್ನು ಕಾಯುವ ಮೊದಲನೆಯ ವಸ್ತು ಹೆಲ್ಮೆಟ್ಟು, ಎರಡನೆಯದು, ಅವಳು ಯಾವ ರಸ್ತೆಯಲ್ಲಿದ್ದಾಳೆ ಅಂತ ಮನೆಯವರಿಗೆ ಗೊತ್ತಿರುವುದು. ಗುಟ್ಟಾಗಿ ಹೋದವಳು ಬಿದ್ದರೆ ಮೊದಲು ಯೋಚಿಸುವುದು ಗಾಯವನ್ನಲ್ಲ, ಅಪ್ಪನಿಗೆ ಏನು ಹೇಳಲಿ ಅಂತ. ಫೋನು ಮಾಡಲು ಹೆದರುತ್ತಾಳೆ. ನೀವೂ ಯಾರನ್ನೂ ಕೂಗಿ ಕಳಿಸಲಾರಿರಿ. ಆ ಅರ್ಧ ಗಂಟೆ ಬಹಳ ದುಬಾರಿ. ಇನ್ನೊಂದು, ಇಂದು ನೀವೇ ಸುಳ್ಳು ಹೇಳಿ ಕಳಿಸಿದರೆ ನಾಳೆ ಅವಳು ನಿಮಗೇ ಸುಳ್ಳು ಹೇಳಿ ಹೋಗುವುದನ್ನು ತಡೆಯುವ ಬಾಯಿ ನಿಮಗಿರುವುದಿಲ್ಲ.

ಇಷ್ಟಾದರೂ ಯಜಮಾನರು ಒಪ್ಪದಿದ್ದರೆ? ಅವರೆದುರಿಗೇ ಹೇಳಿ: "ಅವಳಿಗೆ ಇಪ್ಪತ್ತೆರಡು. ಅವಳ ದುಡ್ಡು, ಅವಳ ಕಾಲು. ನೀವು ಬೇಡ ಅಂದಿದ್ದು ಅವಳಿಗೆ ಗೊತ್ತು. ನಾನು ಹೂಂ ಅಂದಿದ್ದೀನಿ ಅಂತ ನಿಮಗೂ ಗೊತ್ತಿರಲಿ." ನಾಲ್ಕು ದಿನ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಜಗಳ ಬಂದೀತು, ಬರಲಿ. ಬಾಗಿಲು ತೆರೆದು ಹೋದವಳು ಬಾಗಿಲಿನಿಂದಲೇ ವಾಪಸ್ಸು ಬರುತ್ತಾಳೆ.

ಬೆಟ್ಟದ ಉಂಡೆ

ಜೇಬಿನಲ್ಲಿಟ್ಟುಕೊಂಡು ಹೋಗಲು ನಮ್ಮ ಮನೆಯಲ್ಲಿ ಮಾಡುವ ರಾಗಿ ಹುರಿಹಿಟ್ಟಿನ ಉಂಡೆ ಇದು. ಅಂಗಡಿಯ ಬಣ್ಣದ ಪೊಟ್ಟಣಕ್ಕಿಂತ ಅಗ್ಗ, ರುಚಿ.

ಬೇಕಾಗುವ ಸಾಮಾನು: ರಾಗಿ ಹುರಿಹಿಟ್ಟು 1 ಬಟ್ಟಲು, ಹುರಿಗಡಲೆ ಪುಡಿ ಅರ್ಧ ಬಟ್ಟಲು, ಪುಡಿ ಬೆಲ್ಲ ಮುಕ್ಕಾಲು ಬಟ್ಟಲು, ಹುರಿದು ತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ ಕಾಲು ಬಟ್ಟಲು, ಹುರಿದ ಎಳ್ಳು 2 ಚಮಚ, ತುಪ್ಪ 3 ಚಮಚ, ಏಲಕ್ಕಿ 2, ಉಪ್ಪು ಎರಡು ಚಿಟಿಕೆ.

ಮಾಡುವ ವಿಧಾನ: ಬೆಲ್ಲಕ್ಕೆ ಕಾಲು ಬಟ್ಟಲು ನೀರು ಹಾಕಿ ಕರಗಿಸಿ ಸೋಸಿ. ಮತ್ತೆ ಒಲೆಯ ಮೇಲಿಟ್ಟು ಬೆರಳಿಗೆ ಅಂಟುವ ಹದಕ್ಕೆ ಬಂದ ಕೂಡಲೇ ಇಳಿಸಿ. ಎಳೆಪಾಕ ಬಂದರೆ ಉಂಡೆ ಕಲ್ಲಾಗುತ್ತದೆ, ಸೈಕಲ್ಲಿನ ಮೇಲೆ ಕಚ್ಚಲಾಗದು. ಉಳಿದ ಸಾಮಾನನ್ನೆಲ್ಲ ಬೆರೆಸಿ, ಪಾಕವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಸಿ. ಬಿಸಿ ತುಪ್ಪ ಸೇರಿಸಿ, ಬೆಚ್ಚಗಿರುವಾಗಲೇ ದೊಡ್ಡ ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಕಟ್ಟಿ. ಒಂದೊಂದನ್ನೂ ಬೆಣ್ಣೆ ಕಾಗದದಲ್ಲಿ ಸಡಿಲವಾಗಿ ಸುತ್ತಿ. ಒಂದೇ ಕೈಯಲ್ಲಿ ಬಿಚ್ಚುವಂತಿರಬೇಕು. ನಾಲ್ಕೈದು ದಿನ ಇರುತ್ತದೆ. ಮನೆಯಲ್ಲಿ ಸೈಕಲ್ ಹೊಡೆಯದವರೇ ಮೊದಲು ಖಾಲಿ ಮಾಡುತ್ತಾರೆ, ಡಬ್ಬಿ ಮೇಲಿನ ಗೂಡಿನಲ್ಲಿಡಿ!

ನಿಮ್ಮ ಮನೆಯಲ್ಲೂ ಸೈಕಲ್ ಹುಚ್ಚಿನ ಮಗಳೋ ಸೊಸೆಯೋ ಇದ್ದರೆ, ನಿಮ್ಮೂರ ಏರು ಯಾವುದು, ಡಬ್ಬಿಗೆ ಏನು ಕಟ್ಟುತ್ತೀರಿ ಅಂತ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿಯ ಎಣ್ಣೆಯ ವಿಚಾರ ಖಂಡಿತ. ಬರಲೇ?